ಚಿಲ್ಲರೆ ಕಾಸು, ಚಿಲ್ಲರೆ ಜನ

ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

2025ರ ಜುಲೈ ತಿಂಗಳು ನೆನಪಿದೆಯಲ್ಲ? ಬೆಂಗಳೂರಿನ ಬೇಕರಿ, ಟೀ ಅಂಗಡಿ, ಕಾಂಡಿಮೆಂಟ್ಸ್ ಮುಂದೆಲ್ಲ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಬಿದ್ದವು. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಈಚಿನ ಯುಪಿಐ ಲೆಕ್ಕ ತೆಗೆದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಹಾವೇರಿಯಲ್ಲಿ ತರಕಾರಿ ಮಾರುವವರೊಬ್ಬರಿಗೆ 29 ಲಕ್ಷ ಕಟ್ಟಿ ಅಂತ ನೋಟಿಸ್ ಹೋದದ್ದು ಪೇಪರಲ್ಲೂ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟರು. ಆಮೇಲೆ ಮುಖ್ಯಮಂತ್ರಿಗಳು ಅವರನ್ನ ಕೂರಿಸಿಕೊಂಡು ಮಾತಾಡಿ, ಹಳೇ ಬಾಕಿ ವಸೂಲಿ ಮಾಡಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಅಂದರು. ಬೋರ್ಡುಗಳು ಒಂದೊಂದಾಗಿ ಇಳಿದವು.

ಆಗಿನಿಂದ ಒಂದು ಚರ್ಚೆ ನಡೀತಾ ಇದೆ. ಚಿಲ್ಲರೆ ನಾಣ್ಯ, ನೋಟು ಇವುಗಳ ಕಾಲ ಮುಗೀತಾ ಅಂತ. ಒಂದು ಕಡೆಯವರು ಕ್ಯಾಶ್ ಅಂದ್ರೆ ಕಳ್ಳ ಲೆಕ್ಕ ಅಂತಾರೆ. ಇನ್ನೊಂದು ಕಡೆಯವರು ಕ್ಯಾಶ್ ಅಂದ್ರೆ ಸ್ವಾತಂತ್ರ್ಯ ಅಂತಾರೆ. ನಮ್ಮ ಕೇರಿಯಿಂದ ನೋಡಿದರೆ ಇದು ಹೇಗೆ ಕಾಣುತ್ತೆ ಅಂತ ಯಾರೂ ಕೇಳಿಲ್ಲ. ನಾನು ಅದನ್ನ ಹೇಳ್ತೀನಿ.

ನಮ್ಮ ಕೈಗೆ ಕಾಸು ಬಂದದ್ದೇ ತಡವಾಗಿ. ಹಳೇ ಮೈಸೂರು ಸೀಮೆಯ ತೋಟಿ, ತಳವಾರ, ನೀರಗಂಟಿಗಳಿಗೆ ಸಿಗ್ತಾ ಇದ್ದದ್ದು ಆಯ. ಸುಗ್ಗಿ ಮುಗಿದು ಕಣದಲ್ಲಿ ರಾಶಿ ಎದ್ದ ಮೇಲೆ ಮೊರ ಹಿಡಕೊಂಡು ಹೋಗಿ ನಿಲ್ಲಬೇಕು. ಎಷ್ಟು ಅಳೆದು ಹಾಕ್ತಾರೋ ಅಷ್ಟು. ವರ್ಷವಿಡೀ ಸತ್ತ ದನ ಎಳೆದು, ತಮಟೆ ಸಾರಿ, ಊರೂರಿಗೆ ಸುದ್ದಿ ಹೊತ್ತು ತಿರುಗಿದ್ದಕ್ಕೆ ಅದೇ ಕೂಲಿ. ಸೇರು ಗೌಡರ ಕೈಲಿ, ಲೆಕ್ಕ ಶ್ಯಾನುಭೋಗರ ಕೈಲಿ. ಕಾಳು ಕೊಡೋನು ಅದನ್ನ ಕೂಲಿ ಅಂತಿರಲಿಲ್ಲ, ದಯೆ ಅಂತಿದ್ದ. ದಯೆಗೆ ಲೆಕ್ಕ ಕೇಳೋಕಾಗಲ್ಲ.

ಬಾಬಾಸಾಹೇಬರು ಈ ಗಂಟಿಗೇ ಕೈ ಹಾಕಿದರು. 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ, 1874ರ ವತನ್ ಕಾಯ್ದೆಗೆ ತಿದ್ದುಪಡಿ ತರುವ ಮಸೂದೆ ಮಂಡಿಸಿದರು. ಮಹಾರರಿಗೆ ಸಿಗುವ ಬಲುತೆಯನ್ನ, ಅಂದರೆ ನಮ್ಮ ಆಯದಂಥದ್ದನ್ನ, ಹಣದ ರೂಪಕ್ಕೆ ಬದಲಾಯಿಸಬೇಕು ಅನ್ನೋದು ಅದರಲ್ಲಿದ್ದ ಒಂದು ಮುಖ್ಯ ಅಂಶ. ಬೆಳಗಾವಿ, ವಿಜಯಪುರ, ಧಾರವಾಡ, ಕಾರವಾರ ಆಗ ಮುಂಬೈ ಪ್ರಾಂತ್ಯಕ್ಕೇ ಸೇರಿದ್ದವು, ಹಾಗಾಗಿ ಇದು ನಮ್ಮ ಕಥೆಯೂ ಹೌದು. ವಿರೋಧ ಎಷ್ಟಿತ್ತೆಂದರೆ ಕೊನೆಗೆ ಮಸೂದೆ ವಾಪಸ್ ಪಡೀಬೇಕಾಯ್ತು. ಮುಂಬೈಯಲ್ಲಿ ಈ ಕೆಳ ವತನುಗಳು ಕಾನೂನಿನಿಂದ ರದ್ದಾಗೋಕೆ 1958 ಬರಬೇಕಾಯ್ತು, ಮೈಸೂರಲ್ಲಿ ಗ್ರಾಮ ಹುದ್ದೆಗಳು ರದ್ದಾಗೋಕೆ 1961 ಬರಬೇಕಾಯ್ತು. ಒಂದು ಮೊರ ಕಾಳನ್ನ ನಾಲ್ಕು ನಾಣ್ಯ ಮಾಡಿ ಅಂತ ಕೇಳಿದ್ದಕ್ಕೆ ಮೂರು ದಶಕ! ಯಾಕೆ? ನಾಣ್ಯ ಎಣಿಸೋಕೆ ಬರುತ್ತೆ. ಕಮ್ಮಿ ಬಂದರೆ ಕಮ್ಮಿ ಅಂತ ಗೊತ್ತಾಗುತ್ತೆ. ನಾಣ್ಯ ಸೊಂಟಕ್ಕೆ ಸಿಕ್ಕಿಸಿಕೊಂಡು ಊರು ಬಿಟ್ಟು ಹೋಗಬಹುದು.

ನಾಣ್ಯ ಜಾತಿ ಅಳಿಸಿತು ಅಂತ ಹೇಳ್ತಿಲ್ಲ. ಹೋಟೆಲಿನ ಕಟ್ಟೆ ಮೇಲೆ ಕಾಸಿಡಿಸಿ, ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದ ಕಥೆ ನಮ್ಮ ಹಿರಿಯರೆಲ್ಲ ಹೇಳಿದ್ದಾರೆ. ಚಿಲ್ಲರೆ ವಾಪಸ್ ಕೊಡುವಾಗ ಮೇಲಿಂದ ಉದುರಿಸೋರು. ಆದರೂ ಒಂದು ಮಾತು ನಿಜ. ನಮ್ಮನ್ನ ಮುಟ್ಟದವರು ನಮ್ಮ ಕಾಸನ್ನ ಮುಟ್ಟಿದರು. ನೀರು ಚಿಮುಕಿಸಿದ ಮೇಲೆ ಆ ನಾಣ್ಯ ಯಾರದ್ದು ಅಂತ ಯಾರೂ ಹೇಳೋಕಾಗ್ತಿರಲಿಲ್ಲ. ಅದರ ಮೇಲೆ ಹೆಸರಿರಲಿಲ್ಲ.

1923ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬಾಬಾಸಾಹೇಬರ 'ರೂಪಾಯಿಯ ಸಮಸ್ಯೆ' ಪ್ರಬಂಧದ ಬಗ್ಗೆ ಸಭೆಗಳಲ್ಲಿ ಹೆಮ್ಮೆಯಿಂದ ಹೇಳ್ತೀವಿ. ಅದರಲ್ಲಿ ನಮಗೆ ಬೇಕಾದ ಸಂಗತಿ ಸರಳವಾಗಿದೆ. ರೂಪಾಯಿಯ ಬೆಲೆ ಇಳಿಸಿದರೆ ದೇಶಕ್ಕೆ ಲಾಭ ಅನ್ನೋರಿಗೆ ಅವರು ಕೇಳಿದ್ದು, ಯಾರಿಗೆ ಲಾಭ ಅಂತ. ಸಾಮಾನಿನ ಬೆಲೆ ಏರಿದಷ್ಟು ಬೇಗ ಕೂಲಿ ಏರಲ್ಲ, ಆ ಲಾಭ ಕೂಲಿಯವನ ಜೇಬಿಂದ ಮಾಲೀಕನ ಜೇಬಿಗೆ ಹೋದದ್ದು, ಅಷ್ಟೇ. ದುಡ್ಡಿನ ವ್ಯವಸ್ಥೆಯಲ್ಲಿ ಏನೇ ಬದಲಾದರೂ ಈ ಪ್ರಶ್ನೆ ಕೇಳಬೇಕು.

ಚಿಲ್ಲರೆಗೆ ಕೇಳಿ ನೋಡಿ. 1957ರ ಏಪ್ರಿಲ್ 1ಕ್ಕೆ ಆಣೆ ಹೋಗಿ ನಯಾಪೈಸೆ ಬಂತು. ರೂಪಾಯಿಗೆ 16 ಆಣೆ ಇದ್ದದ್ದು 100 ಪೈಸೆ ಆಯ್ತು. ಒಂದಾಣೆ ಅಂದರೆ ಆರೂಕಾಲು ಪೈಸೆ, ಬದಲಾವಣೆ ಪಟ್ಟಿಯಲ್ಲಿ ಸಿಕ್ಕಿದ್ದು 6. ರೂಪಾಯಿಗಟ್ಟಲೆ ವ್ಯವಹಾರ ಮಾಡೋನಿಗೆ ಇದು ಲೆಕ್ಕಕ್ಕಿಲ್ಲ. ಒಂದೊಂದಾಣೆ ಹಿಡಿದು ಅಂಗಡಿಗೆ ಹೋಗೋರದ್ದು ಒಂದೊಂದು ಸಲ ಕಾಲು ಪೈಸೆ ಹೋಯ್ತು. 2011ರ ಜೂನ್ 30ಕ್ಕೆ ನಾಲ್ಕಾಣೆಯೂ ರದ್ದಾಯ್ತು. ಎಂಟಾಣೆ ಕಾನೂನಿನಲ್ಲಿ ಇವತ್ತಿಗೂ ಚಲಾವಣೆಯಲ್ಲಿದೆ, ಜಯನಗರದಲ್ಲಿ ಯಾವ ಅಂಗಡಿಯವನಾದರೂ ತಗೊಂಡರೆ ನನಗೆ ಹೇಳಿ. ಒಂದು ರೂಪಾಯಿ ವಾಪಸ್ ಕೊಡಬೇಕಾದ ಜಾಗದಲ್ಲಿ ಚಾಕ್ಲೇಟ್ ಕೈಗಿಡ್ತಾರೆ. 2025ರ ಜನವರಿಯಲ್ಲಿ ಬಿಎಂಟಿಸಿ ಕನಿಷ್ಠ ದರ 5ರಿಂದ 6 ರೂಪಾಯಿ ಆಯ್ತು. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಉಚಿತ, ಸಂತೋಷ. ಆದರೆ ಬನಶಂಕರಿಯಲ್ಲಿ ಹತ್ತಿದ ಕೂಲಿಯವನು 10 ಕೊಟ್ಟರೆ ಕಂಡಕ್ಟರ್ ಟಿಕೆಟ್ ಹಿಂದೆ '4' ಅಂತ ಬರೀತಾರೆ. ಇಳಿಯೋ ಗಡಿಬಿಡಿಯಲ್ಲಿ ಆ ನಾಲ್ಕು ರೂಪಾಯಿ ಯಾರದ್ದಾಗುತ್ತೆ? ನಮ್ಮ ಭಾಷೆ ನೋಡಿ, ಬಿಡಿಗಾಸಿಗೂ 'ಚಿಲ್ಲರೆ', ಮರ್ಯಾದೆ ಇಲ್ಲದವರಿಗೂ 'ಚಿಲ್ಲರೆ ಜನ'. ಎರಡನ್ನೂ ಒಟ್ಟಿಗೇ ಕಳ್ಕೊಂಡು ಬಿಡ್ತಾರೆ.

ಈಗ ಇನ್ನೊಂದು ಮುಖ. ಕ್ಯಾಶ್ ನಮ್ಮ ನೆಂಟ ಏನಲ್ಲ. ಪೌರಕಾರ್ಮಿಕರನ್ನ ಕೇಳಿ. ಗುತ್ತಿಗೆದಾರರ ಕಾಲದಲ್ಲಿ ಸಂಬಳ ಯಾವಾಗ, ಎಷ್ಟು ಕೈಗೆ ಬರುತ್ತೆ ಅನ್ನೋದು ಅವರ ಮರ್ಜಿ. ಹಾಜರಿ ಪುಸ್ತಕ ಅವರದ್ದು, ಪಿಎಫ್ ಹೆಸರಲ್ಲಿ ಹಿಡಿದದ್ದು ಎಲ್ಲಿ ಹೋಯ್ತೋ ಗೊತ್ತಿಲ್ಲ. ವರ್ಷಗಟ್ಟಲೆ ಬೀದಿಗಿಳಿದು ಹೋರಾಡಿದ ಮೇಲೆ 2018ರಿಂದ ಪಾಲಿಕೆಯೇ ನೇರವಾಗಿ ಖಾತೆಗೆ ಹಾಕೋಕೆ ಶುರು ಮಾಡಿತು. ಬ್ಯಾಂಕಿನ ಆ ಮೆಸೇಜು ಗುತ್ತಿಗೆದಾರನ ಕೈ ಕಟ್ಟಿ ಹಾಕಿತು. ಕಾಳಿನಿಂದ ಕಾಸಿಗೆ ಬಂದದ್ದು ಹೇಗೆ ಬಿಡುಗಡೆಯೋ, ಆ ಕಡೆ ಕಾಸಿನಿಂದ ಖಾತೆಗೆ ಬಂದದ್ದೂ ಹಾಗೇ. ಹಾಗಾಗಿ ಡಿಜಿಟಲ್ ಅಂದ ತಕ್ಷಣ ಬೈಯೋ ಗುಂಪಿಗೆ ನಾನು ಸೇರಲ್ಲ.

2016ರ ನವೆಂಬರ್ 8ರ ರಾತ್ರಿ ಚಲಾವಣೆಯ 86% ಬೆಲೆಯ ನೋಟುಗಳನ್ನ ರದ್ದು ಮಾಡಿದಾಗ ಕಪ್ಪುಹಣ ಸಾಯುತ್ತೆ ಅಂದರು. 99%ಕ್ಕಿಂತ ಹೆಚ್ಚು ನೋಟು ಬ್ಯಾಂಕಿಗೆ ವಾಪಸ್ ಬಂತು. ಸತ್ತದ್ದು ದಿನಗೂಲಿಯವರ ಕೆಲಸ. ಅದೇ ಡಿಸೆಂಬರ್ 30ಕ್ಕೆ 'ಭೀಮ್' ಅನ್ನೋ ಆ್ಯಪ್ ಬಂತು, ಬಾಬಾಸಾಹೇಬರ ಹೆಸರಲ್ಲಿ. ಹಾಗಂತ ನಗದು ಸತ್ತಿಲ್ಲ. ಆಗ ಸುಮಾರು 18 ಲಕ್ಷ ಕೋಟಿ ಇದ್ದದ್ದು 2025ರ ಮಾರ್ಚ್ ಹೊತ್ತಿಗೆ 36 ಲಕ್ಷ ಕೋಟಿ ದಾಟಿದೆ. ದೊಡ್ಡ ನೋಟಿನ ಬಗ್ಗೆ ನನಗೆ ಚಿಂತೆ ಇಲ್ಲ, ಅದಕ್ಕೆ ಕಾಯೋರಿದ್ದಾರೆ. ಚಿಂತೆ ಇರೋದು ಹತ್ತು ರೂಪಾಯಿಯ ಕೆಳಗಿನದ್ದಕ್ಕೆ.

ಯಾಕಂದ್ರೆ ಆ ಜಾಗಕ್ಕೆ ಕ್ಯೂಆರ್ ಬಂದಾಗ ಎರಡು ಸಂಗತಿ ಆಗುತ್ತೆ. ಬನಶಂಕರಿ ದೇವಸ್ಥಾನದ ಹತ್ತಿರ ನಿಂಬೆಹಣ್ಣಿನ ದೀಪ ಮಾರೋ ಅಮ್ಮಂದಿರನ್ನ ನೋಡಿ. ಮುಂದೆ ಒಂದು ಕ್ಯೂಆರ್ ರಟ್ಟು. ಎಷ್ಟೋ ಕಡೆ ಖಾತೆ ಮಗನದ್ದು, ಅಳಿಯನದ್ದು. ದುಡ್ಡು ಬಂತು ಅಂತ ಪೆಟ್ಟಿಗೆ ಕೂಗುತ್ತೆ, ಸೆರಗಿನ ಗಂಟಿಗೆ ಏನೂ ಬರಲ್ಲ. ಕಾಸಿದ್ದಾಗ ಸಂಜೆ ಅವಳೇ ಎಣಿಸ್ತಿದ್ದಳು. ಈಗ ಅವಳ ದುಡಿಮೆಗೆ ಅವಳೇ ಮಗನ ಹತ್ತಿರ ಕೈ ಚಾಚಬೇಕು. ಸೇರು ಮತ್ತೆ ಬೇರೆಯವರ ಕೈಗೆ ಹೋಯ್ತು.

ಎರಡನೆಯದು ಹೆಸರು. ಯುಪಿಐನಲ್ಲಿ ಹತ್ತು ರೂಪಾಯಿ ಹಾಕಿದರೂ ನಿಮ್ಮ ಬ್ಯಾಂಕಿನ ಪೂರ್ತಿ ಹೆಸರು ಎದುರಿನವರ ಮೊಬೈಲಲ್ಲಿ ಕಾಣಬಹುದು. ಹೆಸರು ಕೇಳಿ, ಊರು ಕೇಳಿ, "ನಾನ್‌ವೆಜ್ ತಿಂತೀರಾ" ಅಂತ ಕೇಳಿ ಜಾತಿ ಹುಡುಕೋ ನಗರ ಇದು. ಜಯನಗರ, ಜೆಪಿ ನಗರದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಹೋರಾಟದ ಡಬ್ಬಿಗೆ ಬಿದ್ದ ನಾಣ್ಯಗಳನ್ನೂ ನೆನಸಿಕೊಳ್ಳಿ. ಯಾವ ಗೌಡರ ತೋಟದ ಆಳು ಒಂದು ರೂಪಾಯಿ ಹಾಕಿದ ಅಂತ ಆ ಗೌಡರಿಗೆ ಗೊತ್ತಾಗ್ತಿರಲಿಲ್ಲ. ಈಗ ಎಲ್ಲದಕ್ಕೂ ದಾಖಲೆ ಇದೆ.

ನಾನು ಗುಮಾಸ್ತ, ಕೌಂಟರಿನ ಒಳಗಡೆ ಕೂರೋನು. 25 ರೂಪಾಯಿ ಶುಲ್ಕ ಹಿಡಿದು ಬಂದ ಅಜ್ಜಿಗೆ "ಆನ್‌ಲೈನ್ ಮಾತ್ರ" ಅಂತ ಹೇಳಿ ಕಳಿಸಬೇಕು. ಎದುರಿನ ಸೈಬರ್ ಸೆಂಟರಿನವನು ಆ 25 ಕಟ್ಟಿಕೊಡೋಕೆ 50 ತಗೋತಾನೆ. ಸರ್ಕಾರದ ಮುದ್ರೆ ಇರೋ ದುಡ್ಡು ಸರ್ಕಾರದ ಕೌಂಟರಿನಲ್ಲೇ ನಡೆಯಲ್ಲ.

ಅಮೆರಿಕದ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ 2025ರ ನವೆಂಬರ್‌ನಲ್ಲಿ ಚಲಾವಣೆಗೆ ಕೊನೆಯ ಒಂದು ಸೆಂಟ್ ನಾಣ್ಯ ಹೊಡೆದರು, ತಯಾರಿಸೋ ಖರ್ಚು ಅದರ ಬೆಲೆಗಿಂತ ಜಾಸ್ತಿ ಅಂತ. ಅದೇ ಫಿಲಡೆಲ್ಫಿಯಾ 2019ರಲ್ಲಿ, ಅಂಗಡಿಗಳು ಕ್ಯಾಶ್ ಬೇಡ ಅನ್ನೋ ಹಾಗಿಲ್ಲ ಅಂತ ಕಾನೂನು ಮಾಡಿದೆ, ಬ್ಯಾಂಕ್ ಖಾತೆ ಇಲ್ಲದ ಬಡವರಿಗಾಗಿ. ಸಣ್ಣ ನಾಣ್ಯ ಹೋಗಬಹುದು, ನಗದು ಕೊಡೋ ಹಕ್ಕು ಹೋಗಬಾರದು. ನಮಗೂ ಬೇಕಾದದ್ದು ಇಷ್ಟೇ.

ಸರ್ಕಾರಿ ಕೌಂಟರ್, ಆಸ್ಪತ್ರೆ, ಬಸ್ಸು ಎಲ್ಲೂ ನಗದು ಬೇಡ ಅನ್ನಬಾರದು. ಡಿಪೋಗಳಲ್ಲಿ ಕಂಡಕ್ಟರುಗಳಿಗೆ ಬೆಳಿಗ್ಗೆ ಸಾಕಷ್ಟು ಚಿಲ್ಲರೆ ಕೊಟ್ಟು ಕಳಿಸಬೇಕು. ಬೀದಿ ವ್ಯಾಪಾರಿಗೆ ನೋಟಿಸಿಗೆ ಮುಂಚೆ ತಿಳಿವಳಿಕೆ ಕೊಡಬೇಕು. ಸಂಬಳ ಮಾತ್ರ ಖಾತೆಗೇ ಬರಬೇಕು, ಅದು ದುಡಿದವರ ಸ್ವಂತ ಖಾತೆ ಆಗಿರಬೇಕು. ಮಾಲೀಕನ ಕಡೆಯಿಂದ ಬರೋ ದುಡ್ಡಿಗೆ ದಾಖಲೆ ಇರಲಿ. ನಮ್ಮ ಕೈಯಿಂದ ಹೋಗೋ ಹತ್ತು ರೂಪಾಯಿಗೆ ಹೆಸರು ಬೇಡ.

ನಿಮ್ಮ ಏರಿಯಾದಲ್ಲಿ ಯಾವ ಕೌಂಟರಿನಲ್ಲಿ ಕ್ಯಾಶ್ ತಗೋತಿಲ್ಲ ಅಂತ ಕಾಮೆಂಟಲ್ಲಿ ಬರೀರಿ. ಪಟ್ಟಿ ಮಾಡಿ ಒಂದು ಮನವಿ ಕೊಡೋಣ.

ಜೈ ಭೀಮ್.