ಸಾಪೇಕ್ಷ ಸಾಂದ್ರತೆಯ ಮೂಲಕ ಖನಿಜ ಮಾದರಿಗಳ ಲೋಹಾಂಶದ ಅಂದಾಜು – ಸಾರ್ವಜನಿಕರಿಗೆ ಮಾಹಿತಿ

ಖನಿಜ ಮಾದರಿಯನ್ನು ಒಡೆಯದೆ ಅದರಲ್ಲಿನ ಲೋಹಾಂಶವನ್ನು ಸ್ಥೂಲವಾಗಿ ಅಂದಾಜಿಸಲು ಸಾಪೇಕ್ಷ ಸಾಂದ್ರತೆಯ ಪರೀಕ್ಷೆಯನ್ನು ಬಳಸಲಾಗುತ್ತದೆ. ವಸ್ತುವೊಂದು ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರವಾಗಿದೆ ಎಂಬುದೇ ಅದರ ಸಾಪೇಕ್ಷ ಸಾಂದ್ರತೆ. ಪರೀಕ್ಷೆಯ ವಿಧಾನ ಹಾಗೂ ಮಿತಿಗಳನ್ನು ಕೆಳಗೆ ವಿವರಿಸಲಾಗಿದೆ.

1. ಕೆಲವು ಖನಿಜಗಳ ಸಾಪೇಕ್ಷ ಸಾಂದ್ರತೆ

ಬೆಣಚುಕಲ್ಲು – 2.65
ಪೈರೈಟ್ – 5.02
ಹೆಮಟೈಟ್ (ಕಬ್ಬಿಣದ ಅದಿರು) – 5.26
ಗೆಲೀನಾ (ಸೀಸದ ಅದಿರು) – 7.5
ಶುದ್ಧ ಚಿನ್ನ – 19.3

2. ಪರೀಕ್ಷಾ ವಿಧಾನ

ಅ) ಮಾದರಿಯನ್ನು ತೊಳೆದು, ಪೂರ್ಣವಾಗಿ ಒಣಗಿಸಿ ತೂಕ ಮಾಡತಕ್ಕದ್ದು.
ಆ) ನಂತರ ಗುಳ್ಳೆಗಳು ನಿಲ್ಲುವವರೆಗೆ ನೀರಿನಲ್ಲಿ ನೆನೆಸತಕ್ಕದ್ದು.
ಇ) ನೀರು ತುಂಬಿದ ಪಾತ್ರೆಯನ್ನು ವಿದ್ಯುನ್ಮಾನ ತಕ್ಕಡಿಯ ಮೇಲಿರಿಸಿ ಸೂಚಿಯನ್ನು ಸೊನ್ನೆಗೆ ತಂದು, ಮಾದರಿಯನ್ನು ತೆಳುವಾದ ದಾರದಿಂದ ನೀರಿನೊಳಗೆ ತೂಗಿಬಿಡತಕ್ಕದ್ದು. ಮಾದರಿಯು ಪೂರ್ಣವಾಗಿ ಮುಳುಗಿರಬೇಕು. ತಳ ಅಥವಾ ಬದಿಗಳಿಗೆ ತಾಗಬಾರದು. ಆಗ ಗ್ರಾಂಗಳಲ್ಲಿ ಕಾಣುವ ಸಂಖ್ಯೆಯೇ ಘನ ಸೆಂಟಿಮೀಟರ್‌ಗಳಲ್ಲಿ ಮಾದರಿಯ ಗಾತ್ರವಾಗಿರುತ್ತದೆ.
ಈ) ಒಣ ತೂಕವನ್ನು ಗಾತ್ರದಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ದೊರೆಯುತ್ತದೆ.

3. ಉದಾಹರಣೆ

ಬೆಣಚುಕಲ್ಲಿನ ಮಾದರಿಯೊಂದರ ತೂಕ 300 ಗ್ರಾಂ, ಗಾತ್ರ 105 ಘನ ಸೆಂಟಿಮೀಟರ್ ಎಂದು ಭಾವಿಸಿದಲ್ಲಿ, ಸಾಪೇಕ್ಷ ಸಾಂದ್ರತೆ 2.86 ಆಗುತ್ತದೆ. ಇಷ್ಟೇ ಗಾತ್ರದ ಶುದ್ಧ ಬೆಣಚುಕಲ್ಲಿನ ತೂಕ 278.25 ಗ್ರಾಂ. ಹೆಚ್ಚುವರಿ ತೂಕ 21.75 ಗ್ರಾಂ. ಇದಕ್ಕೆ ಚಿನ್ನವೊಂದೇ ಕಾರಣವಾಗಿದ್ದಲ್ಲಿ, 21.75 × 19.3 ÷ (19.3 – 2.65) ಲೆಕ್ಕದಂತೆ ಸುಮಾರು 25 ಗ್ರಾಂ ಚಿನ್ನವಿರುತ್ತದೆ. ಆದರೆ ಅದೇ ಮಾದರಿಯಲ್ಲಿ ಚಿನ್ನ ಲವಲೇಶವೂ ಇಲ್ಲದೆ, ಸುಮಾರು 46 ಗ್ರಾಂ ಪೈರೈಟ್ ಇದ್ದರೂ ತಕ್ಕಡಿ ಇದೇ ಸಂಖ್ಯೆಗಳನ್ನು ತೋರಿಸುತ್ತದೆ. ಪೈರೈಟ್ ಸಹ ಹಳದಿ ಹೊಳಪಿನ ಖನಿಜವಾಗಿದೆ ಎಂಬುದನ್ನು ಗಮನಿಸತಕ್ಕದ್ದು.

4. ಮಿತಿಗಳು

ಅ) ಮಾದರಿಯಲ್ಲಿ ಎರಡೇ ಖನಿಜಗಳಿದ್ದು, ಅವು ಯಾವುವೆಂದು ಮೊದಲೇ ತಿಳಿದಿದ್ದಲ್ಲಿ ಮಾತ್ರ ಈ ಲೆಕ್ಕ ಅನ್ವಯಿಸುತ್ತದೆ. ರಾಯಚೂರು ಜಿಲ್ಲೆಯ ಹಟ್ಟಿಯ ಚಿನ್ನದ ಅದಿರಿನಲ್ಲಿಯೂ ಪೈರೈಟ್ ಮತ್ತು ಆರ್ಸೆನೋಪೈರೈಟ್ ಕಂಡುಬರುತ್ತವೆ.
ಆ) ಮೇಲಿನ ಉದಾಹರಣೆಯಲ್ಲಿ ಗಾತ್ರದ ಅಳತೆ 1 ಘನ ಸೆಂಟಿಮೀಟರ್ ತಪ್ಪಾದರೂ ಚಿನ್ನದ ಅಂದಾಜು ಸುಮಾರು 3 ಗ್ರಾಂ ವ್ಯತ್ಯಾಸವಾಗುತ್ತದೆ.
ಇ) ಕಲ್ಲಿನೊಳಗೆ ಮುಚ್ಚಿಹೋದ ಪೊಳ್ಳುಗಳಿದ್ದಲ್ಲಿ ಅಂದಾಜು ವಾಸ್ತವಕ್ಕಿಂತ ಕಡಿಮೆಯಾಗುತ್ತದೆ.
ಈ) ಪ್ರತಿ ಟನ್ನಿಗೆ ಕೆಲವೇ ಗ್ರಾಂ ಚಿನ್ನವಿರುವ ಅದಿರಿನಲ್ಲಿ ಈ ಪರೀಕ್ಷೆಯಿಂದ ಚಿನ್ನವನ್ನು ಪತ್ತೆಹಚ್ಚಲು ಸಾಧ್ಯವಿಲ್ಲ.

5. ಅರ್ಜಿದಾರರ ಗಮನಕ್ಕೆ

ಈ ಅಂದಾಜು ರಾಸಾಯನಿಕ ವಿಶ್ಲೇಷಣೆಗೆ ಪರ್ಯಾಯವಲ್ಲ. ಇದನ್ನೇ ಆಧಾರವಾಗಿಟ್ಟುಕೊಂಡು ಮಾದರಿ ಖರೀದಿಸುವುದಾಗಲಿ, ಜಮೀನಿನ ಮೇಲೆ ಹಣ ತೊಡಗಿಸುವುದಾಗಲಿ ಸೂಕ್ತವಲ್ಲ. ಒಂದು ಮಾದರಿಯ ಫಲಿತಾಂಶವು ಆ ಮಾದರಿಗೆ ಮಾತ್ರ ಸಂಬಂಧಿಸಿದ್ದು, ಅದು ದೊರೆತ ಇಡೀ ಪ್ರದೇಶಕ್ಕೆ ಅನ್ವಯಿಸುವುದಿಲ್ಲ. ಮಾದರಿ ದೊರೆತ ಮಾತ್ರಕ್ಕೆ ಗಣಿಗಾರಿಕೆಯ ಹಕ್ಕು ಪ್ರಾಪ್ತವಾಗುವುದಿಲ್ಲ. ಗಣಿ ಮತ್ತು ಖನಿಜಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1957ರನ್ವಯ ಗಣಿಗಾರಿಕೆಗೆ ಅನುಮತಿ ಪಡೆಯುವುದು ಕಡ್ಡಾಯವಾಗಿರುತ್ತದೆ.