ಹಲಸೂರಿನ ಕೊಳವೆ, ದೂರವಾಣಿನಗರದ ಎಕ್ಸ್‌ಚೇಂಜ್

ಒಂದು ಕೆಲಸದ ಕ್ರಮವನ್ನು ಒಮ್ಮೆ ಬರೆದಿಟ್ಟು, ಎಐ ಸಹಾಯಕ ಅದನ್ನು ಬೇಕಾದಾಗಲೆಲ್ಲ ತೆರೆದು ಬಳಸುವಂತೆ ಮಾಡುವ ಪದ್ಧತಿಗೆ 2025ರ ಅಕ್ಟೋಬರ್‌ನಲ್ಲಿ ಆಂಥ್ರೊಪಿಕ್ ಸಂಸ್ಥೆ ‘ಸ್ಕಿಲ್ಸ್’ ಎಂಬ ರೂಪ ಕೊಟ್ಟಿತು. ನೋಡಲು ಅದೊಂದು ಸಾಮಾನ್ಯ ಫೋಲ್ಡರ್. ಅದರೊಳಗೆ ಕೆಲಸದ ಹೆಸರು, ಯಾವಾಗ ಬಳಸಬೇಕೆಂಬ ಒಂದೆರಡು ಸಾಲು, ಆಮೇಲೆ ವಿವರವಾದ ಕ್ರಮ, ಅಗತ್ಯವಿದ್ದರೆ ಸಣ್ಣಪುಟ್ಟ ಪ್ರೋಗ್ರಾಂ. ಸಹಾಯಕ ಮೊದಲು ಹೆಸರನ್ನೂ ಆ ಒಂದೆರಡು ಸಾಲನ್ನೂ ನೋಡುತ್ತದೆ; ಕೈಯಲ್ಲಿರುವ ಕೆಲಸಕ್ಕೆ ಹೊಂದುವಂತಿದ್ದರೆ ಮಾತ್ರ ಒಳಗಿನದನ್ನು ಓದುತ್ತದೆ. ಕಸುಬನ್ನು ಹೀಗೆ ತುಂಡು ಮಾಡಿ, ಅಪರಿಚಿತರ ಕೈಗೂ ಒಗ್ಗುವಂತೆ ಕಟ್ಟಿಕೊಡುವ ಪ್ರಯತ್ನಕ್ಕೆ ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವದ ಬಯಲಿನಲ್ಲಿ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಅದನ್ನು ಓದಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಕಟ್ಟಿಕೊಟ್ಟ ಕೌಶಲ ಇನ್ನೊಂದು ಊರಿನಲ್ಲಿ ನಡೆಯುವುದೋ ಇಲ್ಲವೋ ಎಂಬುದು ಅದರೊಳಗೆ ಎಷ್ಟು ಜಾಣತನ ತುಂಬಿದೆ ಎನ್ನುವುದಕ್ಕಿಂತ, ಯಾವ ಪರಿಸ್ಥಿತಿಗೆಂದು ಅದನ್ನು ಮಾಡಿದ್ದೋ ಆ ಪರಿಸ್ಥಿತಿ ಬಳಸುವವರಿಗೆ ಗೊತ್ತಿದೆಯೇ ಎನ್ನುವುದನ್ನು ಅವಲಂಬಿಸಿದೆ.

ಆ ಚರಿತ್ರೆಯ ಮೊದಲ ಅಧ್ಯಾಯ ಸೇನೆಯ ಎಂಜಿನಿಯರ್ ಪಡೆಯದು. ಮದ್ರಾಸ್ ಸ್ಯಾಪರ್ಸ್ ಎಂಬ ಆ ಪಡೆಯ ಮೂಲ 1780ರಲ್ಲಿ ಕಟ್ಟಿದ ಪಯೊನೀರ್‌ಗಳ ಎರಡು ಕಂಪನಿಗಳಲ್ಲಿದೆ. 1834ರಲ್ಲಿ ಬೆಂಗಳೂರಿಗೆ ಬಂದ ಈ ಪಡೆ ಮುಂದೆ ಹಲಸೂರು ಕೆರೆಯ ಬದಿಯಲ್ಲಿ ನೆಲೆನಿಂತಿತು. ಇಂದಿಗೂ ಊರಿನವರ ಬಾಯಲ್ಲಿ ಅದು ಎಂಇಜಿ. ರಸ್ತೆ, ಸೇತುವೆ, ಕಂದಕ, ಸಿಡಿಮದ್ದು ಇವರ ಕಸುಬು. 1912ರಲ್ಲಿ ಈ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ ಇಲ್ಲಿ ರೂಪಿಸಿದ ಸಾಧನವನ್ನು ಜಗತ್ತಿನ ಸೇನೆಗಳು ‘ಬೆಂಗಳೂರು ಟಾರ್ಪೆಡೊ’ ಎಂದೇ ಕರೆದವು. ಮುಳ್ಳುತಂತಿಯ ಬೇಲಿ ಕತ್ತರಿಸಲು ಅದುವರೆಗೆ ಸೈನಿಕ ಗುಂಡಿನ ಎದುರಿಗೆ ತಂತಿಯವರೆಗೂ ತೆವಳಿ ಹೋಗಬೇಕಿತ್ತು. ಮೆಕ್ಲಿಂಟಾಕ್ ಮಾಡಿದ್ದು ಇಷ್ಟು: ಸಿಡಿಮದ್ದು ತುಂಬಿದ ಕೊಳವೆಯ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಉದ್ದ ಮಾಡಿಕೊಂಡು, ತಂತಿಯ ಅಡಿಗೆ ದೂರದಿಂದಲೇ ತಳ್ಳಿ ಸಿಡಿಸುವುದು. ಎರಡು ಮಹಾಯುದ್ಧಗಳಲ್ಲೂ ಅದು ಬಳಕೆಯಲ್ಲಿತ್ತು. 1944ರ ಜೂನ್ 6ರಂದು ನಾರ್ಮಂಡಿಯ ಮರಳದಂಡೆಯಲ್ಲಿ ತಂತಿ ಸೀಳಿದ್ದೂ ಅದೇ. ಹಲಸೂರಿನ ಹೆಸರನ್ನೇ ಕೇಳಿರದ ಅಮೆರಿಕದ ಹುಡುಗರಿಗೆ ಅದು ಒಗ್ಗಿದ್ದು ಹೇಗೆ? ಅದು ಮಾಡುವ ಕೆಲಸ ಒಂದೇ, ಮತ್ತು ಆ ಕೆಲಸ ಯಾವುದೆಂಬುದರಲ್ಲಿ ಯಾರಿಗೂ ಗೊಂದಲವಿರಲಿಲ್ಲ. ಎದುರಿಗೆ ತಂತಿ ಇದೆ, ಅಗಲ ಇಷ್ಟಿದೆ, ಇಷ್ಟು ತುಂಡು ಜೋಡಿಸು. ಎಲ್ಲಿ ದಾಳಿ ಮಾಡಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬ ತೀರ್ಮಾನವನ್ನು ಕೊಳವೆಗೆ ತುಂಬಲು ಯಾರೂ ಹೋಗಲಿಲ್ಲ.

ದೂರವಾಣಿನಗರದ ಅನುಭವ ಬೇರೆ. ಕೆ.ಆರ್. ಪುರದ ಬಳಿ 1948ರಲ್ಲಿ ಶುರುವಾದ, ದೂರವಾಣಿ ಉಪಕರಣ ತಯಾರಿಸುವ ಐಟಿಐ ಕಾರ್ಖಾನೆ ಮೊದಲು, ಕರೆಗಳನ್ನು ಜೋಡಿಸುವ ಸ್ಟ್ರೌಜರ್ ಮಾದರಿಯ ಎಕ್ಸ್‌ಚೇಂಜ್‌ಗಳನ್ನು ತಯಾರಿಸಿತು. 1960ರ ದಶಕದಲ್ಲಿ ಬೆಲ್ಜಿಯಂನ ಬೆಲ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ‘ಪೆಂಟಾಕೋಂಟಾ’ ಎಂಬ ಕ್ರಾಸ್‌ಬಾರ್ ಎಕ್ಸ್‌ಚೇಂಜನ್ನು ತಂದಿತು. ನಕ್ಷೆ, ಅಳತೆ, ತಯಾರಿಕೆಯ ಕ್ರಮ ಎಲ್ಲವೂ ಸಿದ್ಧವಾಗಿಯೇ ಬಂದವು. ಆದರೆ ನಮ್ಮ ನಗರಗಳಲ್ಲಿ ಅದು ತಡವರಿಸಿತು. ಯುರೋಪಿನಲ್ಲಿ ಇಲ್ಲಿಗಿಂತ ಹೆಚ್ಚು ಫೋನುಗಳಿದ್ದವು, ಹಾಗಾಗಿ ಒಂದೊಂದು ಲೈನಿನ ಮೇಲೆ ಬೀಳುವ ಕರೆಗಳು ಕಡಿಮೆ. ಇಲ್ಲಿ ಆಗ ಫೋನ್ ಅಪರೂಪವಾಗಿತ್ತು. ಇದ್ದ ಒಂದನ್ನೇ ಇಡೀ ಕಚೇರಿ, ಇಡೀ ಬೀದಿ ಬಳಸುತ್ತಿತ್ತು. ಲೈನಿಗೆ ಇಷ್ಟು ಕರೆ ಎಂಬ ಯುರೋಪಿನ ಲೆಕ್ಕ ಆ ಯಂತ್ರದ ವಿನ್ಯಾಸದಲ್ಲಿ ಬೆರೆತುಹೋಗಿತ್ತು. ಬಿಡಿಭಾಗಗಳನ್ನು ಎಷ್ಟೇ ಕರಾರುವಾಕ್ಕಾಗಿ ತಯಾರಿಸಿದರೂ ಆ ಲೆಕ್ಕ ಬದಲಾಗುವುದಿಲ್ಲ. ಕೊನೆಗೆ ನಮ್ಮ ಎಂಜಿನಿಯರುಗಳು ಭಾರತದ ದಟ್ಟಣೆಗೆ ತಕ್ಕಂತೆ ಅದರ ವಿನ್ಯಾಸವನ್ನೇ ತಿದ್ದಬೇಕಾಯಿತು. 1984ರಲ್ಲಿ ಹುಟ್ಟಿದ, ದೂರಸಂಪರ್ಕ ಸಂಶೋಧನೆಯ ಸರ್ಕಾರಿ ಸಂಸ್ಥೆ ಸಿ-ಡಾಟ್ ಇನ್ನೊಂದು ತುದಿಯಿಂದ ಹೊರಟಿತು. ಹಳ್ಳಿಯ ಬಿಸಿಲು, ದೂಳು, ಹವಾನಿಯಂತ್ರಣವಿಲ್ಲದ ಕೋಣೆ ಇವನ್ನೇ ಮೊದಲ ಷರತ್ತಾಗಿ ಇಟ್ಟುಕೊಂಡು ಅದು ರೂಪಿಸಿದ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತು, ಆಮೇಲೆ ದೇಶದ ಸಾವಿರಾರು ಹಳ್ಳಿಗಳನ್ನು ಮುಟ್ಟಿತು.

ನಿಜವಾದ ಕಸುಬು ಕೈಯಲ್ಲಿರುತ್ತದೆ, ಬರಹಕ್ಕೆ ಸಿಗುವುದಿಲ್ಲ ಎಂಬ ಆಕ್ಷೇಪವಿದೆ. ಅದರಲ್ಲಿ ಅರ್ಧ ಸತ್ಯವಿದೆ. ಸ್ಟ್ರೌಜರ್ ರಿಲೇಯ ತೆಳು ಸ್ಪ್ರಿಂಗ್‌ಗಳನ್ನು ಇಕ್ಕಳದಲ್ಲಿ ಬಾಗಿಸಿ ಹೊಂದಿಸುವ ಹದ ಪುಸ್ತಕ ಓದಿ ಬರುವಂಥದ್ದಲ್ಲ. ಆದರೆ ಸ್ಪ್ರಿಂಗ್‌ನ ಬಿಗಿತ ಇಷ್ಟು ಗ್ರಾಂ ಇರಬೇಕು, ಸಂಪರ್ಕಗಳ ನಡುವೆ ಇಷ್ಟು ಸಂದು ಬಿಡಬೇಕು ಎಂಬುದನ್ನು ಬರೆದಿಡಬಹುದಿತ್ತು, ಗೇಜ್ ಹಿಡಿದು ಪರೀಕ್ಷಿಸಬಹುದಿತ್ತು. ಹದ ಕೈಯಲ್ಲೇ ಉಳಿಯಿತು, ಕೆಲಸ ಸರಿಯಾಯಿತೇ ಎಂದು ತಿಳಿಯುವ ದಾರಿ ಮಾತ್ರ ಎಲ್ಲರ ಪಾಲಾಯಿತು. ಎಐ ಸಹಾಯಕನಿಗೆ ಬರೆಯುವವರೂ ಕ್ರಮದ ಜೊತೆಗೆ ಇಂಥ ಪರೀಕ್ಷೆಯನ್ನು ಬರೆದರೆ ಅರ್ಧಕ್ಕಿಂತ ಹೆಚ್ಚು ಗೆದ್ದಂತೆ. ಇನ್ನೊಂದು ಆಕ್ಷೇಪ ಹೆಚ್ಚು ನೋವಿನದು: ಕೌಶಲವನ್ನು ಬರೆದುಕೊಟ್ಟವನೇ ಬೇಡವಾಗುತ್ತಾನೆ. ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂದಮೇಲೆ ರಿಲೇ ಹೊಂದಿಸುವ ಕೈಗಳಿಗೆ ಬೆಲೆ ಉಳಿಯಲಿಲ್ಲ, ಒಂದು ಕಾಲಕ್ಕೆ ತುಂಬಿ ತುಳುಕುತ್ತಿದ್ದ ದೂರವಾಣಿನಗರ ಬರಿದಾಗುತ್ತ ಬಂತು. ಈ ನಷ್ಟವನ್ನು ಸಣ್ಣದೆಂದು ನಾನು ಹೇಳಲಾರೆ. ಆದರೆ ಅಲ್ಲಿ ಕಸುಬನ್ನು ಕೊಂದದ್ದು ಬರೆದಿಡುವ ಪದ್ಧತಿಯಲ್ಲ. ಯಂತ್ರವೇ ಬದಲಾಯಿತು, ಹೊಸ ಯಂತ್ರಕ್ಕೆ ಕ್ರಮ ಬರೆಯುವ ಜಾಗಕ್ಕೆ ಹಳಬರಲ್ಲಿ ಬಹಳ ಮಂದಿ ತಲುಪಲಿಲ್ಲ. ಈಗ ಬರೆಯುವ ಜಾಗದಲ್ಲಿ ಯಾರು ಕೂರುತ್ತಾರೆ ಎಂಬ ಪ್ರಶ್ನೆ ಅದಕ್ಕೇ ದೊಡ್ಡದು.

ಜಮೀನಿನ ದಾಖಲೆ ಓದುವ ಸ್ಕಿಲ್ ಒಂದನ್ನು ಇಂದಿರಾನಗರದ ಕಚೇರಿಯೊಂದರಲ್ಲಿ ಬರೆಯುತ್ತಾರೆ ಎಂದುಕೊಳ್ಳೋಣ. ಇಲ್ಲಿಯ ರೂಢಿಯಲ್ಲಿ ‘ಎರಡು ಎಕರೆ ಇಪ್ಪತ್ತು’ ಎಂದರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆಯಂತೆ ಎರಡೂವರೆ ಎಕರೆ. ಕರಾವಳಿಯಲ್ಲಿ ಅದೇ ಮಾತು ಇಪ್ಪತ್ತು ಸೆಂಟ್ಸ್. ಎಕರೆಗೆ 100 ಸೆಂಟ್ಸ್, ಹಾಗಾಗಿ 2.20 ಎಕರೆ. ವ್ಯತ್ಯಾಸ 12 ಗುಂಟೆ, ಒಂದು ಕುಟುಂಬ ಕೋರ್ಟು ಹತ್ತಲು ಸಾಕಾಗುವಷ್ಟು. ಗುಂಟೆಯ ಲೆಕ್ಕವನ್ನು ಮಾತ್ರ ಒಳಗಿಟ್ಟು, ಯಾವ ಜಿಲ್ಲೆಗೆ ಎಂದು ಮೇಲಿನ ಒಂದೆರಡು ಸಾಲಿನಲ್ಲಿ ಬರೆಯದೆ ಬಿಟ್ಟ ಸ್ಕಿಲ್ ಕರಾವಳಿ ಜಿಲ್ಲೆಯ ಪುತ್ತೂರಿನಲ್ಲಿ ಪೆಂಟಾಕೋಂಟಾದಂತೆಯೇ ಎಡವುತ್ತದೆ. ಕ್ರಮದ ಹೆಜ್ಜೆಗಳಲ್ಲಿ ಒಂದೂ ತಪ್ಪಿಲ್ಲದಿರುವುದರಿಂದ ಆ ದೋಷ ಎಲ್ಲಿದೆ ಎಂದು ಹುಡುಕುವುದು ಇನ್ನೂ ಕಷ್ಟ. ಅದನ್ನು ಬರೆಯುವ ಮೇಜಿನಲ್ಲಿ ಕರಾವಳಿಯ ಗ್ರಾಮ ಆಡಳಿತಾಧಿಕಾರಿಯೊಬ್ಬರು ಕೂತಿದ್ದರೆ ಆ ಒಂದು ಸಾಲು ಮೊದಲ ದಿನವೇ ಸೇರುತ್ತಿತ್ತು.