ತೊಣ್ಣೂರಿನ ಕಣಿವೆ

ಎರಡು ಬೆಟ್ಟಗಳು ಒಂದನ್ನೊಂದು ಸಮೀಪಿಸಿ, ನಡುವೆ ಒಂದು ಹಳ್ಳಕ್ಕೂ ಒಂದು ಕಾಲುದಾರಿಗೂ ಮಾತ್ರ ಎಡೆಗೊಡುವ ಸ್ಥಳವನ್ನು ನಮ್ಮ ಜನರು ಕಣಿವೆಯೆಂದು ಕರೆಯುತ್ತಾರೆ. ರಾಜಧಾನಿಗಳಿಗೂ ಕೋಟೆಗಳಿಗೂ ಚರಿತ್ರೆಯಲ್ಲಿ ದೊರೆತಿರುವ ಮನ್ನಣೆಯು ಇಂತಹ ಸ್ಥಳಗಳಿಗೆ ದೊರೆತಿಲ್ಲ. ಕೋಟೆಯನ್ನು ಕಟ್ಟಿದ ಅರಸನ ಹೆಸರು ಶಾಸನದಲ್ಲಿ ನಿಲ್ಲುತ್ತದೆ. ಕಣಿವೆಯನ್ನು ಯಾರೂ ಕಟ್ಟಲಿಲ್ಲವಾದುದರಿಂದ ಅದನ್ನು ಹೊಗಳುವವರೂ ಇಲ್ಲ. ಆದರೂ ನಾಡಿನ ಸುಖದುಃಖಗಳು ಎಷ್ಟೋ ಬಾರಿ ಈ ಇಕ್ಕಟ್ಟಾದ ಎಡೆಗಳಲ್ಲಿಯೇ ನಿರ್ಣಯವಾಗಿವೆ. ಶ್ರೀರಂಗಪಟ್ಟಣದ ಉತ್ತರ ದಿಕ್ಕಿನ ತೊಣ್ಣೂರು ಮೇಲುಕೋಟೆಗಳ ಬೆಟ್ಟಸಾಲು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

ಶ್ರೀರಂಗಪಟ್ಟಣದಿಂದ ಕಾವೇರಿಯನ್ನು ದಾಟಿ ಉತ್ತರಕ್ಕೆ ನಡೆದರೆ ಮೊದಲು ಸಿಕ್ಕುವುದು ಪಾಂಡವಪುರ. ಹಿರೋಡೆಯೆಂಬುದು ಇದರ ಹಳೆಯ ಹೆಸರು. ಹೈದರಾಲಿ ಟಿಪ್ಪುಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿಯ ಬಂಡೆಗಳ ಬಳಿ ಬೀಡುಬಿಟ್ಟಿದ್ದುದರಿಂದ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಬಹುಕಾಲ ಬಳಕೆಯಲ್ಲಿತ್ತು. ಕುಂತಿಬೆಟ್ಟವನ್ನು ಹಿಂದೆ ಬಿಟ್ಟು ಇನ್ನೂ ಮುಂದುವರಿದರೆ ಗದ್ದೆಬಯಲುಗಳ ಆಚೆ ಬೋಳುಬಂಡೆಯ ಗುಡ್ಡಗಳು ಎದ್ದುನಿಲ್ಲುತ್ತವೆ. ಅವುಗಳ ಬುಡದಲ್ಲಿರುವ ಗ್ರಾಮವೇ ತೊಣ್ಣೂರು. ಗುಡ್ಡಗಳ ಸಾಲು ಇಲ್ಲಿಂದ ಉತ್ತರಕ್ಕೆ ಏರುತ್ತ ಹೋಗಿ ಮೇಲುಕೋಟೆಯಲ್ಲಿ ಸಮುದ್ರಮಟ್ಟಕ್ಕಿಂತ ಸುಮಾರು 3,500 ಅಡಿ ಎತ್ತರವನ್ನು ಮುಟ್ಟುತ್ತದೆ. ಯೋಗನರಸಿಂಹನ ಗುಡಿಯ ಮುಂದೆ ನಿಂತವರಿಗೆ ಉತ್ತರದಲ್ಲಿ ನಾಗಮಂಗಲದ ಸೀಮೆಯೂ ಪಶ್ಚಿಮದಲ್ಲಿ ಕೃಷ್ಣರಾಜಪೇಟೆಯ ಸೀಮೆಯೂ ದಕ್ಷಿಣದಲ್ಲಿ ಕಾವೇರಿಯ ಬಯಲೂ ಒಟ್ಟಿಗೆ ಕಾಣುತ್ತವೆ. ಈ ನಾಲ್ಕು ತಾಲ್ಲೂಕುಗಳ ನಡುವೆ ಈ ಸಾಲು ಒಂದು ಗೋಡೆಯಂತಿದೆ. ಗೋಡೆಗೆ ಅಲ್ಲಲ್ಲಿ ಬಾಗಿಲುಗಳಿವೆ. ಅವುಗಳಲ್ಲಿ ಮುಖ್ಯವಾದುದು ತೊಣ್ಣೂರಿನ ಕಣಿವೆ.

ಹೊಯ್ಸಳರ ಕಾಲದಲ್ಲಿ ತೊಣ್ಣೂರು ಸಣ್ಣ ಹಳ್ಳಿಯಾಗಿರಲಿಲ್ಲ. ಯಾದವಪುರವೆಂಬ ಹೆಸರಿನಿಂದ ಅದು ರಾಜರ ನೆಲೆವೀಡುಗಳಲ್ಲಿ ಒಂದಾಗಿತ್ತು. 1116ರ ಸುಮಾರಿಗೆ ತಲಕಾಡನ್ನು ಗೆದ್ದು ಚೋಳರ ಅಧಿಕಾರವನ್ನು ಈ ನಾಡಿನಿಂದ ತೊಲಗಿಸಿದ ವಿಷ್ಣುವರ್ಧನನು ಇಲ್ಲಿ ವಾಸವಾಗಿದ್ದನೆಂದೂ, ಚೋಳದೇಶದಲ್ಲಿ ನೆಲೆಯಿಲ್ಲದೆ ಬಂದ ರಾಮಾನುಜಾಚಾರ್ಯರು ಇಲ್ಲಿ ಅವನ ಆಶ್ರಯವನ್ನು ಪಡೆದರೆಂದೂ ಪರಂಪರೆಯು ಹೇಳುತ್ತದೆ. ಆಚಾರ್ಯರು ತಿರುನಾರಾಯಣನನ್ನು ಅರಸುತ್ತ ಮೇಲುಕೋಟೆಗೆ ನಡೆದುದು ಇಲ್ಲಿಂದಲೇ. ಆದುದರಿಂದ ಭಕ್ತರಿಗೆ ಈ ಬೆಟ್ಟದಾರಿಯು ಯಾತ್ರೆಯ ದಾರಿಯಾಯಿತು. ನಂಬಿನಾರಾಯಣನ ಗುಡಿಯೂ ಗೋಪಾಲಕೃಷ್ಣನ ಗುಡಿಯೂ ಅಂದಿನ ವೈಭವವನ್ನು ಸೂಚಿಸುತ್ತ ಇಂದಿಗೂ ಗ್ರಾಮದಲ್ಲಿ ನಿಂತಿವೆ.

ಆದರೆ ಗುಡಿಗಳಿಗಿಂತಲೂ ಹೆಚ್ಚು ವಿಚಾರಮಾಡತಕ್ಕ ಕೆಲಸವೊಂದು ಗ್ರಾಮದ ಪಕ್ಕದಲ್ಲಿಯೇ ಇದೆ. ಬೆಟ್ಟಗಳ ಕಡೆಯಿಂದ ಬರುವ ಹಳ್ಳವು ಎರಡು ಕಲ್ಲುಗುಡ್ಡಗಳ ನಡುವಣ ಕಿರಿದಾದ ಎಡೆಯಿಂದ ಹೊರಬಿದ್ದು ಬಯಲಿಗೆ ಹರಿದುಹೋಗುತ್ತಿತ್ತು. ಆ ಎಡೆಯನ್ನು ಏರಿಯಿಂದ ಮುಚ್ಚಿ ಹಿಂದಣ ತಗ್ಗನ್ನೆಲ್ಲ ಕೆರೆಯನ್ನಾಗಿ ಮಾಡಿದ್ದಾರೆ. ಆಚಾರ್ಯರೇ ಇದನ್ನು ಕಟ್ಟಿಸಿ ತಿರುಮಲಸಾಗರವೆಂದು ಹೆಸರಿಟ್ಟರೆಂಬುದು ಸ್ಥಳದವರ ನಂಬಿಕೆ. 1800ರಲ್ಲಿ ಈ ಸೀಮೆಯನ್ನು ಸುತ್ತಿ ನೋಡಿದ ಬುಕಾನನನು, ಏರಿಯು 78 ಮೊಳ ಎತ್ತರ, 150 ಮೊಳ ಉದ್ದ, ಬುಡದಲ್ಲಿ 250 ಮೊಳ ದಪ್ಪವಿದೆಯೆಂದು ಅಲ್ಲಿಯವರು ತನಗೆ ತಿಳಿಸಿದರೆಂದು ಬರೆದಿಟ್ಟಿದ್ದಾನೆ. ಈ ಲೆಕ್ಕವನ್ನು ವಾಚಕರು ಸ್ವಲ್ಪ ಗಮನಿಸಬೇಕು. ಉದ್ದಕ್ಕಿಂತ ದಪ್ಪವೇ ಹೆಚ್ಚು! ಬಯಲುಸೀಮೆಯ ಕೆರೆಗಳಲ್ಲಿ ಏರಿಯು ಮೈಲಿಗಟ್ಟಲೆ ಹಬ್ಬಿರುತ್ತದೆ. ನೀರು ಮಾತ್ರ ಆಳವಿರುವುದಿಲ್ಲ. ಇಲ್ಲಿಯಾದರೋ ಎರಡು ಕಡೆಯ ಗೋಡೆಗಳನ್ನೂ ಪ್ರಕೃತಿಯೇ ಕಟ್ಟಿಕೊಟ್ಟಿತ್ತು. ಮನುಷ್ಯನು ಮಾಡಬೇಕಾಗಿದ್ದುದು ಬಾಗಿಲನ್ನು ಮುಚ್ಚುವ ಕೆಲಸವನ್ನಷ್ಟೆ. ಹೆಚ್ಚಾದ ನೀರಿಗಾಗಿ ಒಂದು ಗುಡ್ಡದ ಕಲ್ಲನ್ನೇ ಬಹಳ ಶ್ರಮದಿಂದ ಕಡಿದು ಕಾಲುವೆಯನ್ನು ತೆಗೆದಿದ್ದರು. ಕೆರೆಯು ಒಮ್ಮೆ ತುಂಬಿದರೆ ಕೆಳಗಿನ ಬಯಲಿನ ಒಕ್ಕಲಿಗೆ ಎರಡು ವರ್ಷಗಳ ಬೇಸಾಯಕ್ಕೆ ನೀರು ಸಾಕಾಗುತ್ತಿತ್ತೆಂದೂ ಬುಕಾನನನ ಬರಹದಿಂದ ತಿಳಿಯುತ್ತದೆ. ಕಣಿವೆಯ ಇಕ್ಕಟ್ಟು ಒಂದು ಕೊರತೆಯಲ್ಲ, ಅದೇ ಅದರ ಬಲವೆಂಬುದನ್ನು ಆ ಕಾಲದ ಕೆಲಸಗಾರರು ಅರಿತಿದ್ದರು.

ಇದೇ ಇಕ್ಕಟ್ಟು ಆಪತ್ತಿನಲ್ಲಿ ಆಶ್ರಯವೂ ಆಯಿತು. ದಿಲ್ಲಿಯ ಸೈನ್ಯಗಳು 1311ರಲ್ಲಿ ಒಮ್ಮೆಯೂ 1327ರ ಸುಮಾರಿಗೆ ಮತ್ತೊಮ್ಮೆಯೂ ದೋರಸಮುದ್ರದ ಮೇಲೆ ಬಿದ್ದವು. ರಾಜಧಾನಿಯು ಹಾಳಾದ ಬಳಿಕ ಮುಮ್ಮಡಿ ಬಲ್ಲಾಳನು ಕೆಲವು ಕಾಲ ತೊಣ್ಣೂರಿಗೆ ಬಂದು ನೆಲಸಿದನೆಂದು ಇತಿಹಾಸಕಾರರು ಹೇಳುತ್ತಾರೆ. ಆಮೇಲೆ ನಾಲ್ಕು ಶತಮಾನಗಳು ಉರುಳಿದವು. 1746ರಲ್ಲಿ ಮೈಸೂರಿನಿಂದ ಕಪ್ಪವನ್ನು ವಸೂಲುಮಾಡಲು ದಂಡೆತ್ತಿ ಬಂದ ನಾಸಿರ್ ಜಂಗನು ಈ ಕೆರೆಯ ತಿಳಿನೀರನ್ನು ಕಂಡು ಮೆಚ್ಚಿ ಮೋತಿ ತಲಾಬ್, ಎಂದರೆ ಮುತ್ತಿನ ಕೆರೆ, ಎಂದು ಕರೆದನಂತೆ. ಕಪ್ಪವು ಎಂದೋ ವೆಚ್ಚವಾಗಿಹೋಯಿತು. ಹೆಸರು ಮಾತ್ರ ಉಳಿಯಿತು.

ಈ ಬೆಟ್ಟಸಾಲಿನ ಚರಿತ್ರೆಯಲ್ಲಿ ಅತ್ಯಂತ ದಾರುಣವಾದ ಸಂಗತಿ ನಡೆದುದು 1771ರ ಮಾರ್ಚ್ ತಿಂಗಳಿನಲ್ಲಿ. ತ್ರಿಂಬಕರಾವ್ ಮಾಮನ ನಾಯಕತ್ವದಲ್ಲಿ ಮರಾಠರ ದೊಡ್ಡ ದಂಡು ಮೈಸೂರಿನೊಳಕ್ಕೆ ನುಗ್ಗಿತ್ತು. ಬಯಲಿನಲ್ಲಿ ಅವರ ಕುದುರೆಗಳನ್ನು ಎದುರಿಸಲಾರದೆ ಹೈದರನು ಮೇಲುಕೋಟೆಯ ಬೆಟ್ಟಗಳ ಮರೆಯನ್ನು ಹೊಕ್ಕನು. ಮರಾಠರು ಎದುರಿಗೆ ಪಾಳೆಯವನ್ನಿಳಿಸಿ ದೂರದಿಂದಲೇ ತೋಪುಗಳನ್ನು ಹಾರಿಸತೊಡಗಿದರು. ಆಶ್ರಯವೆಂದು ಹೊಕ್ಕ ಸ್ಥಳವು ಸೆರೆಯಂತಾಯಿತು. ಕಡೆಗೆ ಹೈದರನು ಒಂದು ರಾತ್ರಿ ಗುಟ್ಟಾಗಿ ಬೆಟ್ಟಗಳ ನಡುವಣ ದಾರಿಯಿಂದ ದಕ್ಷಿಣಕ್ಕೆ ಇಳಿದು, ಸುಮಾರು 22 ಮೈಲಿ ದೂರದ ಶ್ರೀರಂಗಪಟ್ಟಣವನ್ನು ಸೇರುವುದೆಂದು ನಿಶ್ಚಯಿಸಿದನು.

ಮುಂದಿನ ಕಥೆಯನ್ನು ವಿಲ್ಕ್ಸನು ವಿಸ್ತಾರವಾಗಿ ಬರೆದಿದ್ದಾನೆ. ಕತ್ತಲೆಯ ದಾರಿಯಲ್ಲಿ ತುಕಡಿಯೊಂದು ಅಕಾಲದಲ್ಲಿ ತೋಪನ್ನು ಹಾರಿಸಿದ್ದರಿಂದ ಗುಟ್ಟು ಬಯಲಾಗಿ ಶತ್ರುಗಳು ಬೆನ್ನಟ್ಟಿದರು. ಆ ರಾತ್ರಿ ಹೈದರನು ಮದ್ಯದ ಅಮಲಿನಲ್ಲಿದ್ದನೆಂದೂ, ಸಕಾಲದಲ್ಲಿ ಕಾಣಿಸಿಕೊಳ್ಳದ ಮಗ ಟಿಪ್ಪುವನ್ನು ಬೆತ್ತದಿಂದ ಹೊಡೆದನೆಂದೂ, ಟಿಪ್ಪುವು ಕತ್ತಿಯನ್ನೂ ರುಮಾಲನ್ನೂ ನೆಲಕ್ಕೆ ಬಿಸುಟು ಆ ದಿನ ಕತ್ತಿಯನ್ನು ಹಿಡಿಯುವುದಿಲ್ಲವೆಂದು ಆಣೆಯಿಟ್ಟನೆಂದೂ ಅವನು ಹೇಳುತ್ತಾನೆ. ಬೆಳಗಾಗುವಾಗ ಸೈನ್ಯವು ಚಿನಕುರಳಿಯ ಗುಡ್ಡಗಳ ಬಳಿಗೆ ಬಂದಿತ್ತು. ಶ್ರೀರಂಗಪಟ್ಟಣವು ಇನ್ನು 11 ಮೈಲಿ ಮಾತ್ರ. ಆಗ ಶತ್ರುಗಳ ಬಾಣವೊಂದು ಬಾಣಗಳನ್ನೇ ಹೇರಿದ್ದ ಒಂಟೆಗೆ ತಗುಲಿತು. ಬೆಂಕಿಯು ಒಂಟೆಯಿಂದ ಮದ್ದಿನ ಬಂಡಿಗಳಿಗೆ ಹಬ್ಬಿತು, ಸಾಲುಗಳು ಒಡೆದವು, ಮರಾಠರ ಸವಾರರು ನಡುವೆ ನುಗ್ಗಿದರು. ಹೈದರನನ್ನು ಹೋಲುತ್ತಿದ್ದ ಯಾಸೀನ್ ಖಾನನೆಂಬ ಸರದಾರನು ಗಾಯಗೊಂಡು ತಾನೇ ಹೈದರನೆಂದು ಹೇಳಿಕೊಂಡು ಸೆರೆಸಿಕ್ಕಿದನು. ನಿಜವಾದ ಹೈದರನು ವೇಗವಾದ ಕುದುರೆಯೊಂದನ್ನೇರಿ ಒಂಟಿಯಾಗಿ ರಾಜಧಾನಿಯನ್ನು ಸೇರಿದನು. ಟಿಪ್ಪುವು ಭಿಕ್ಷುಕನ ವೇಷದಲ್ಲಿ ಆಮೇಲೆ ಬಂದನು. ಗೆದ್ದವರು ಲೂಟಿಯಲ್ಲಿ ದಿನಗಳನ್ನು ಕಳೆದರು; ಸೋತವನು ಆ ದಿನಗಳಲ್ಲಿ ಹೊಸ ದಂಡನ್ನು ಕೂಡಿಸಿಕೊಂಡನು. ಹೀಗಾಗಿ ಶ್ರೀರಂಗಪಟ್ಟಣವು ಆ ಸಲ ಉಳಿಯಿತು.

ಚರಿತ್ರೆಕಾರರು ಸಾಮಾನ್ಯವಾಗಿ ಅರಸನ ಕುದುರೆಯನ್ನು ಹಿಂಬಾಲಿಸಿ ರಾಜಧಾನಿಗೆ ಹೋಗಿಬಿಡುತ್ತಾರೆ. ನಾವು ಸ್ವಲ್ಪ ಹೊತ್ತು ಬೆಟ್ಟದ ಮೇಲೆಯೇ ನಿಲ್ಲೋಣ. ಮರಾಠರ ದಂಡು ಮೇಲುಕೋಟೆಯ ದಕ್ಷಿಣಕ್ಕೆ ಬಂದು ಇಳಿಯಿತು. ಊರಿನವರು ಮನೆಮಾರುಗಳನ್ನು ಇದ್ದಂತೆಯೇ ಬಿಟ್ಟು ಕಾಡಿನೊಳಕ್ಕೆ ಓಡಿಹೋದರು. ದಂಡಿನವರು ದೇವರ ದೊಡ್ಡ ರಥಗಳಿಂದ ಕಬ್ಬಿಣವನ್ನು ತೆಗೆದುಕೊಳ್ಳುವ ಆಸೆಯಿಂದ ಅವುಗಳ ಮರಕ್ಕೆ ಬೆಂಕಿಯನ್ನಿಟ್ಟರು. ಆ ಬೆಂಕಿಯು ಹಬ್ಬಿ ಕೆಲವು ಗುಡಿಕಟ್ಟಡಗಳೂ ಸುಟ್ಟುಹೋದವು. ದಾಳಿಮಾಡಿದವರೂ ಹಿಂದೂಗಳೇ, ರಥವೂ ಹಿಂದೂಗಳದೇ. ಕಬ್ಬಿಣದ ಆಸೆಗೆ ಇದು ಯಾವುದೂ ಅಡ್ಡಬರಲಿಲ್ಲ. ಆದರೆ ಕಾಡನ್ನು ಹೊಕ್ಕವರು ಬದುಕಿಕೊಂಡರು. ಸಾವಿರಾರು ಜನರ ಸೈನ್ಯವನ್ನು ಉಳಿಸಲಾರದ ಬೆಟ್ಟಗಳು ಬರಿಗೈಯ ಸಂಸಾರಿಗಳನ್ನು ಉಳಿಸಿದವು.

ಇದು ನಮ್ಮ ನಾಡಿಗೆ ಮಾತ್ರ ಸೇರಿದ ಅನುಭವವಲ್ಲ. ಇದೇ ಕಾಲದಲ್ಲಿ, ಎಂದರೆ 1770ರಲ್ಲಿ, ಮೆಡಿಟರೇನಿಯನ್ ಸಮುದ್ರದ ಕ್ರೀಟ್ ದ್ವೀಪದಲ್ಲಿ ಸ್ಫಾಕಿಯಾ ಎಂಬ ಬೆಟ್ಟಸೀಮೆಯ ಜನರು ದಸ್ಕಲೊಯಾನಿಸನೆಂಬ ನಾಯಕನ ಹಿಂದೆ ತುರ್ಕರ ಆಳ್ವಿಕೆಯ ವಿರುದ್ಧ ದಂಗೆಯೆದ್ದರು. ಆ ದ್ವೀಪದ ಶ್ವೇತಗಿರಿಗಳ ನಡುವೆ ಸಮರಿಯಾ ಎಂಬ ಕಣಿವೆಯಿದೆ. ಸುಮಾರು 10 ಮೈಲಿ ನಡೆದು ಅದನ್ನು ದಾಟಿದರೆ ಸಮುದ್ರತೀರವು ದೊರೆಯುತ್ತದೆ. ಒಂದು ಕಡೆಯಲ್ಲಿ ನೂರಾರು ಅಡಿ ಎತ್ತರದ ಕಲ್ಲುಗೋಡೆಗಳು ಕೆಲವೇ ಗಜಗಳಷ್ಟು ಅಂತರಕ್ಕೆ ಬಂದು ನಿಂತಿವೆ. ಅದನ್ನು ಅಲ್ಲಿಯವರು ಬಾಗಿಲೆಂದೇ ಕರೆಯುತ್ತಾರೆ. ದಂಗೆಯು ಮುರಿದು ಊರುಗಳು ಉರಿಯುತ್ತಿದ್ದಾಗ ಹೆಂಗಸರೂ ಮಕ್ಕಳೂ ಈ ಕಣಿವೆಯಲ್ಲಿ ಅಡಗಿ ಉಳಿದರೆಂದು ಪ್ರಸಿದ್ಧಿಯಿದೆ. ನಾಯಕನು ಶರಣಾಗಿ 1771ರಲ್ಲಿ, ಚಿನಕುರಳಿಯ ಯುದ್ಧವಾದ ವರ್ಷದಲ್ಲಿಯೇ, ಕ್ರೂರವಾಗಿ ವಧಿಸಲ್ಪಟ್ಟನು. ಸಮುದ್ರಗಳ ಅಂತರವಿದ್ದರೂ ಎರಡು ಕಥೆಗಳ ಸಾರವು ಒಂದೇ. ಕಣಿವೆಯು ಅರಸರಿಗೆ ಮಾತುಕೊಡುವುದಿಲ್ಲ. ಗಾಡಿ ಒಂಟೆ ತೋಪುಗಳನ್ನು ಹೊತ್ತು ಬಂದವರನ್ನು ಅದು ಹಿಂಡುತ್ತದೆ, ಮಗುವೊಂದನ್ನು ಸೊಂಟದ ಮೇಲೆ ಹೊತ್ತು ಬಂದವರಿಗೆ ದಾರಿಯನ್ನು ಬಿಡುತ್ತದೆ.

ತೊಣ್ಣೂರಿನ ಕೆರೆಗೂ ಯುದ್ಧವು ತಟ್ಟದೆ ಹೋಗಲಿಲ್ಲ. ಶ್ರೀರಂಗಪಟ್ಟಣವನ್ನು ಮುತ್ತಲು 1791ರ ಮೇ ತಿಂಗಳಿನಲ್ಲಿ ಬಂದ ಕಾರ್ನ್‌ವಾಲಿಸನು ಆಹಾರವಿಲ್ಲದೆಯೂ ಎತ್ತುಗಳಿಲ್ಲದೆಯೂ ಕಂಗೆಟ್ಟು, ಕನ್ನಂಬಾಡಿಯ ಬಳಿ ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆಸಿ ಹಿಂದಿರುಗಿದನು. ಹಿಂದಿರುಗುವ ದಾರಿಯಲ್ಲಿ ಮರಾಠರ ದಂಡು ಅವನನ್ನು ಕೂಡಿಕೊಂಡಿತು. ನೀರೂ ಮೇವೂ ಸೈನ್ಯಗಳಿಗೆ ಎಷ್ಟು ಮುಖ್ಯವೆಂಬುದನ್ನು ಟಿಪ್ಪುವು ಚೆನ್ನಾಗಿ ಬಲ್ಲವನಾಗಿದ್ದನು. ಶತ್ರುಗಳಿಗೆ ನೀರು ದೊರೆಯಬಾರದೆಂದು ಅವನು ಮೋತಿ ತಲಾಬಿನ ಏರಿಯನ್ನೇ ಒಡೆಸಿದನು. ಶತಮಾನಗಳಿಂದ ಮುಚ್ಚಿದ್ದ ಬಾಗಿಲು ಹೀಗೆ ತೆರೆಯಿತು. ಯುದ್ಧನೀತಿಯಲ್ಲಿ ಇದು ಸರಿಯಾಗಿರಬಹುದು. ಕೆಳಗಿನ ಗದ್ದೆಗಳ ಒಕ್ಕಲು ಇದನ್ನು ಯಾವ ನೀತಿಯೆಂದು ತಿಳಿದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. ಸುದೈವದಿಂದ ಯುದ್ಧಗಳು ಮುಗಿದ ಮೇಲೆ ಏರಿಯನ್ನು ಪುನಃ ಕಟ್ಟಿದರು. ಇಂದು ಯಾತ್ರಿಕನು ನೋಡುವ ಕೆರೆಯು ಒಮ್ಮೆ ಕಟ್ಟಿದುದಲ್ಲ, ಕೆಟ್ಟ ಮೇಲೆ ಮತ್ತೆ ಕಟ್ಟಿದುದು.

ಗುಡ್ಡವನ್ನು ಕಡಿದು ನೀರಿಗೆ ದಾರಿಮಾಡುವ ವಿದ್ಯೆಯು ಈ ಸೀಮೆಯಲ್ಲಿ ಅಲ್ಲಿಗೇ ನಿಲ್ಲಲಿಲ್ಲ. ಕಾರ್ನ್‌ವಾಲಿಸನು ತೋಪುಗಳನ್ನು ಒಡೆಸಿದ ಕನ್ನಂಬಾಡಿಯಲ್ಲಿಯೇ 1911ರಲ್ಲಿ ಕಾವೇರಿಗೆ ಅಣೆಕಟ್ಟನ್ನು ಕಟ್ಟಲು ಆರಂಭಿಸಿದರು. ಅದರಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯು ಹುಲಿಕೆರೆಯ ಬಳಿ ಒಂದೂವರೆ ಮೈಲಿಗಿಂತಲೂ ಉದ್ದವಾದ ಸುರಂಗದಲ್ಲಿ ಗುಡ್ಡವನ್ನು ಹಾಯ್ದು ಮಂಡ್ಯದ ಬಯಲನ್ನು ಸೇರುತ್ತದೆ. ತೊಣ್ಣೂರಿನ ಕಲ್ಲಿನಲ್ಲಿ ಉಳಿಯನ್ನಾಡಿಸಿದ ಕೈಗಳಿಗೂ ಹುಲಿಕೆರೆಯ ಬಂಡೆಯನ್ನು ಸಿಡಿಸಿದ ಕೈಗಳಿಗೂ ನಡುವೆ ಎಂಟು ಶತಮಾನಗಳ ಅಂತರವಿದ್ದರೂ, ಅವು ಒಂದೇ ಕೆಲಸವನ್ನು ಮಾಡಿದವು.

ಈ ಪ್ರಾಂತದ ಚರಿತ್ರೆಯಲ್ಲಿ ಆಸಕ್ತಿಯುಳ್ಳವರು ಮೇಲುಕೋಟೆಗೆ ವೈರಮುಡಿಯ ಉತ್ಸವದ ಜನಸಂದಣಿಯಲ್ಲಿ ವಾಹನದಲ್ಲಿ ಹೋಗಿಬರುವುದರಿಂದ ತೃಪ್ತರಾಗಬಾರದು. ಮಳೆಗಾಲವು ಕಳೆದ ಮೇಲೆ ಒಂದು ದಿನ, ಬೆಳಗಿನ ತಂಪಿನಲ್ಲಿ, ತೊಣ್ಣೂರಿನ ಏರಿಯ ಮೇಲೆ ನಿಂತು ಎರಡು ಕಡೆಯ ಗುಡ್ಡಗಳನ್ನೂ ಕಣ್ಣಿನಿಂದ ಅಳೆಯಬೇಕು. ಆ ಬಳಿಕ ಊರಿನವರನ್ನು ದಾರಿ ಕೇಳಿಕೊಂಡು ಬೆಟ್ಟಸಾಲಿನ ಕಡೆಗೆ ಕಾಲ್ನಡೆಯಿಂದ ಸಾಗಬೇಕು. ಮೇಲುಕೋಟೆಯ ಕಾಡಿನ ಒಂದು ಭಾಗವನ್ನು 1974ರಲ್ಲಿ ತೋಳಗಳ ರಕ್ಷಣೆಗೆಂದು ವನ್ಯಧಾಮವನ್ನಾಗಿ ಮಾಡಿದ್ದಾರೆ. ಅಲ್ಲಿಯ ನಿಯಮಗಳನ್ನು ಮೀರದೆ ನಡೆಯುವುದು ಯೋಗ್ಯ. 1771ರಲ್ಲಿ ಮನುಷ್ಯರಿಗೆ ಮರೆಗೊಟ್ಟ ಕಾಡು ಈಗ ಮೃಗಗಳಿಗೆ ಮರೆಯಾಗಿದೆ.

ಹೀಗೆ ನಡೆದವರಿಗೆ ಪುಸ್ತಕದಿಂದ ತಿಳಿಯದ ಒಂದು ವಿಷಯವು ಕಾಲಿನಿಂದ ತಿಳಿಯುತ್ತದೆ. ಚಿನಕುರಳಿಯಲ್ಲಿ ಗೆದ್ದವರ ಕೀರ್ತಿಯನ್ನು ಸಾರುವ ಏನೂ ದಾರಿಯಲ್ಲಿ ಕಾಣದು. ಹೈದರನ ಭಯವೂ ತ್ರಿಂಬಕರಾಯನ ಸಂಭ್ರಮವೂ ಆ ದಿನದ ಹೊಗೆಯೊಡನೆ ಹೋದವು. ಆ ನಾಡಿನಲ್ಲಿ ಇಂದಿಗೂ ಕೆಲಸಮಾಡುತ್ತಿರುವುದು ಎರಡು ಗುಡ್ಡಗಳ ನಡುವೆ ಯಾರೋ ಹೊತ್ತು ಹಾಕಿದ ಮಣ್ಣುಕಲ್ಲು ಮಾತ್ರ. ಅದನ್ನು ಮೊದಲು ಹೊತ್ತವರ ಹೆಸರೂ, ಒಡೆದ ಮೇಲೆ ಎರಡನೆಯ ಸಲ ಹೊತ್ತವರ ಹೆಸರೂ ಯಾವ ಶಾಸನದಲ್ಲಿಯೂ ಇಲ್ಲ. ಕೆರೆಯ ಕೆಳಗಿನ ಗದ್ದೆಗಳ ಹಸುರೇ ಅವರ ಶಾಸನ.